ಹಿತ್ತಲ ಕೋಳಿಯ ಮೇವು ಮತ್ತು ಮೊಟ್ಟೆ: ಏನನ್ನು, ಎಷ್ಟು, ಯಾವಾಗ ಹಾಕಬೇಕು

ಹಿತ್ತಲಿನಲ್ಲಿ ನಾಲ್ಕಾರು ಕೋಳಿ ಸಾಕಿರುವ ಮನೆಗಳಲ್ಲಿ ಪದೇ ಪದೇ ಕೇಳಿಬರುವ ದೂರೆಂದರೆ, ಬೇಕಾದಷ್ಟು ಕಾಳು ಹಾಕಿದರೂ ಹೇಂಟೆಗಳು ಸರಿಯಾಗಿ ಮೊಟ್ಟೆ ಇಡುತ್ತಿಲ್ಲ ಎಂಬುದು. ಈ ದೂರಿಗೆ ಉತ್ತರ ಬಹುಮಟ್ಟಿಗೆ ದೂರಿನಲ್ಲೇ ಇದೆ. ಕಾಳು ಕೋಳಿಯ ಹೊಟ್ಟೆ ತುಂಬಿಸುತ್ತದೆ, ಮೈಗೂ ಹತ್ತುತ್ತದೆ. ಆದರೆ ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಾಳಿನಿಂದ ಸಾಕಷ್ಟು ಸಿಗುವುದಿಲ್ಲ. ಆದ್ದರಿಂದ ಇನ್ನೂ ಎಷ್ಟು ಹಾಕಬೇಕು ಎಂದು ಯೋಚಿಸುವ ಮೊದಲು, ಈಗ ತಿನ್ನುತ್ತಿರುವುದರಲ್ಲಿ ಏನು ಕಡಿಮೆಯಾಗಿದೆ ಎಂದು ನೋಡುವುದು ಲಾಭಕರ.

ಒಂದು ಸಣ್ಣ ಲೆಕ್ಕ ಹಾಕೋಣ. 55 ಗ್ರಾಂ ತೂಗುವ ಮೊಟ್ಟೆಯಲ್ಲಿ ಸುಮಾರು 6.5 ಗ್ರಾಂ ಪ್ರೋಟೀನ್ ಇರುತ್ತದೆ. ತಿಂದ ಪ್ರೋಟೀನೆಲ್ಲ ನೇರವಾಗಿ ಮೊಟ್ಟೆಗೆ ಹೋಗುವುದಿಲ್ಲ; ಮೈಯ ಸವಕಳಿ ತುಂಬುವುದಕ್ಕೆ, ಪುಕ್ಕಕ್ಕೆ, ಓಡಾಟಕ್ಕೆ ಒಂದು ಪಾಲು ಖರ್ಚಾಗುತ್ತದೆ. ಹೀಗಾಗಿ ದಿನ ಬಿಡದೆ ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ 15ರಿಂದ 17 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. 100 ಗ್ರಾಂ ರಾಗಿಯಲ್ಲಿರುವುದು ಸುಮಾರು 7 ಗ್ರಾಂ, ಮುಸುಕಿನ ಜೋಳದಲ್ಲಿ ಸುಮಾರು 9 ಗ್ರಾಂ. ಕೋಳಿ ದಿನಕ್ಕೆ ತಿನ್ನುವುದೇ ಹೆಚ್ಚೆಂದರೆ 100ರಿಂದ 120 ಗ್ರಾಂ. ನಾಟಿ ಹೇಂಟೆಯಾದರೆ ಅದಕ್ಕಿಂತ ಕಡಿಮೆ. ಬರೀ ಕಾಳು ತಿಂದು ದಿನಕ್ಕೊಂದು ಮೊಟ್ಟೆ ಇಡುವುದು ಅದಕ್ಕೆ ಸಾಧ್ಯವೇ ಇಲ್ಲ. ಉಳಿದದ್ದನ್ನು ಅದು ಹುಳುಹುಪ್ಪಟೆಯಿಂದ, ಸೊಪ್ಪಿನಿಂದ, ತಿಪ್ಪೆಯಿಂದ ಹೊಂದಿಸಿಕೊಳ್ಳಬೇಕು, ಇಲ್ಲವೇ ನಾವು ಒದಗಿಸಬೇಕು.

ಮೇವು ತಿದ್ದಿದ ಮಾತ್ರಕ್ಕೆ ಯಾವ ಕೋಳಿಯೂ ತನ್ನ ತಳಿಯ ಮಿತಿಯನ್ನು ದಾಟುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಟಿ ಹೇಂಟೆ ವರ್ಷಕ್ಕೆ 50ರಿಂದ 70 ಮೊಟ್ಟೆ ಇಡುತ್ತದೆ. ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವುದು ಅದರ ಸ್ವಭಾವ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ತಳಿ 130ರಿಂದ 150ರವರೆಗೆ ಇಡಬಲ್ಲದು. ಅಲ್ಲಿಯದೇ ಆದ ಸ್ವರ್ಣಧಾರ ಅದಕ್ಕಿಂತಲೂ ಹೆಚ್ಚು, ಸುಮಾರು 180ರವರೆಗೆ. ಈ ಅಂಕಿಗಳೆಲ್ಲ ಒಳ್ಳೆಯ ಮೇವು ಸಿಕ್ಕಾಗಿನವು. ನಾಟಿ ಕೋಳಿಯಿಂದ ಫಾರಂ ಕೋಳಿಯ ಲೆಕ್ಕ ಬಯಸಿ ಅಂಗಡಿಯ ಟಾನಿಕ್ಕುಗಳಿಗೆ ದುಡ್ಡು ಸುರಿಯುವುದು ವ್ಯರ್ಥ. ತಳಿಗೆ ಸಾಧ್ಯವಿರುವಷ್ಟನ್ನು ಕೊರತೆಯಿಲ್ಲದೆ ಪಡೆಯುವುದು ಮಾತ್ರ ಮೇವಿನ ಕೈಯಲ್ಲಿದೆ, ಮತ್ತು ಹೆಚ್ಚಿನ ಹಿತ್ತಲುಗಳಲ್ಲಿ ಅಷ್ಟೂ ಸಿಗುತ್ತಿಲ್ಲ.

ಹಿತ್ತಲು ಯಾವ ಕಾಲದಲ್ಲಿ ಏನು ಕೊಡುತ್ತದೆ

ಬಿಟ್ಟು ಮೇಯಿಸುವ ಕೋಳಿಗೆ ವರ್ಷವಿಡೀ ಒಂದೇ ಮೇವಿನ ಪಟ್ಟಿ ಹೊಂದುವುದಿಲ್ಲ. ಮಳೆ ಬಿದ್ದ ಮೇಲಿನ ತಿಂಗಳುಗಳಲ್ಲಿ ಎರೆಹುಳು, ಗೆದ್ದಲು, ಮಿಡತೆ, ಎಳೆ ಹುಲ್ಲು ಯಥೇಚ್ಛವಾಗಿ ಸಿಗುವುದರಿಂದ ಪ್ರೋಟೀನಿನ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ. ಆಗ ಕಡಿಮೆ ಬೀಳುವುದು ಕಾಳಿನಿಂದ ಬರುವ ಶಕ್ತಿ. ಈ ಸಮಯದಲ್ಲಿ ಸಂಜೆ ಒಂದೊಂದು ಕೋಳಿಗೆ 30ರಿಂದ 40 ಗ್ರಾಂ ಮುಸುಕಿನ ಜೋಳದ ನುಚ್ಚು ಅಥವಾ ರಾಗಿ ಹಾಕಿದರೆ ಸಾಕಾಗುತ್ತದೆ. ಸುಗ್ಗಿಯ ಕಾಲದಲ್ಲಿ ಪರಿಸ್ಥಿತಿ ತಿರುಗಿಬೀಳುತ್ತದೆ. ಕಣದ ಸುತ್ತ ಉದುರಿದ ಕಾಳು ತಿಂದು ಕೋಳಿಗಳು ಮೈದುಂಬಿಕೊಂಡಿರುತ್ತವೆ, ನೋಡಿದವರಿಗೆ ಮೇವು ಹೆಚ್ಚೇ ಆಯಿತೆನಿಸುತ್ತದೆ, ಆದರೆ ಹುಳು ಕಡಿಮೆಯಾಗಿರುವುದರಿಂದ ಮೊಟ್ಟೆ ಇಳಿಯುತ್ತದೆ. ಆಗ ಹಾಕಬೇಕಾದದ್ದು ಹಿಂಡಿ ಅಥವಾ ಒಣಮೀನು. ಇನ್ನಷ್ಟು ಕಾಳು ಹಾಕುವುದರಿಂದ ಕೊಬ್ಬು ಬೆಳೆಯುತ್ತದೆಯೇ ಹೊರತು ಮೊಟ್ಟೆ ಬರುವುದಿಲ್ಲ. ಬೇಸಿಗೆಯಲ್ಲಿ, ವಿಶೇಷವಾಗಿ ಕಲಬುರಗಿ, ರಾಯಚೂರಿನ ಕಡೆ, ನೆಲ ಏನನ್ನೂ ಕೊಡುವುದಿಲ್ಲ. ಹುಳುವೂ ಇಲ್ಲ, ಹಸಿರೂ ಇಲ್ಲ, ಕಣದ ಕಾಳೂ ಮುಗಿದಿರುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಹಿತ್ತಲ ಕೋಳಿಯನ್ನು ಬಹುತೇಕ ಕಟ್ಟಿ ಸಾಕಿದ ಕೋಳಿಯೆಂದೇ ಎಣಿಸಿ ಪೂರ್ತಿ ಮೇವನ್ನು ಕೊಡಬೇಕಾಗುತ್ತದೆ.

ಕೋಳಿ ಹೊರಗೆ ಎಷ್ಟು ಮೇಯ್ದಿದೆ ಎಂದು ತಿಳಿಯುವುದು ಸುಲಭ. ಹೊತ್ತು ಮುಳುಗಿ ಗೂಡಿಗೆ ಸೇರಿದ ಮೇಲೆ ಒಂದೆರಡು ಹೇಂಟೆಗಳನ್ನು ಎತ್ತಿಕೊಂಡು, ಕತ್ತಿನ ಬುಡದಲ್ಲಿ ಎದೆಯ ಬಲಭಾಗಕ್ಕಿರುವ ಮೇವಿನ ಚೀಲವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಚೀಲ ತುಂಬಿ ದುಂಡಗಿದ್ದು ಒಳಗೆ ಕಾಳು ಕೈಗೆ ಸಿಗುತ್ತಿದ್ದರೆ ಹೊಟ್ಟೆ ತುಂಬಿದೆ. ಸಡಿಲವಾಗಿ ಜೋತುಬಿದ್ದಿದ್ದರೆ ಆ ಹೇಂಟೆ ಹಸಿದೇ ಮಲಗುತ್ತಿದೆ. ಗುಂಪಿನಲ್ಲಿ ಜೋರು ಕೋಳಿಗಳು ಅದನ್ನು ಮೇವಿನ ಹತ್ತಿರ ಬಿಡುತ್ತಿಲ್ಲ ಎಂದೂ ಇರಬಹುದು, ಆಗ ಮೇವನ್ನು ಎರಡು ಕಡೆ ಹಾಕಬೇಕು. ಬೆಳಿಗ್ಗೆ ಗೂಡು ತೆರೆಯುವ ಹೊತ್ತಿಗೆ ಇದೇ ಚೀಲ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿ ತುಂಬಿಕೊಂಡೇ ಇದ್ದರೆ ಉದ್ದನೆಯ ನಾರು, ದಾರ ಇತ್ಯಾದಿ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ.

ಪ್ರೋಟೀನಿಗೆ ಏನನ್ನು ಬಳಸಬಹುದು

ನಮ್ಮಲ್ಲಿ ಸುಲಭವಾಗಿ ಸಿಗುವುದು ಕಡಲೆಕಾಯಿ ಹಿಂಡಿ. ಉತ್ತರ ಕರ್ನಾಟಕದವರು ಶೇಂಗಾ ಹಿಂಡಿ ಎನ್ನುವುದು ಇದನ್ನೇ. ಇದರಲ್ಲಿ 40ರಿಂದ 45 ಶೇಕಡಾ ಪ್ರೋಟೀನ್ ಇದೆ. ಆದರೆ ಮೊಟ್ಟೆಗೆ ಅತ್ಯಗತ್ಯವಾದ ಮೆಥಿಯೊನಿನ್ ಮತ್ತು ಲೈಸಿನ್ ಎಂಬ ಎರಡು ಅಮೈನೋ ಆಮ್ಲಗಳು ಇದರಲ್ಲಿ ಕಡಿಮೆ ಇರುವುದರಿಂದ, ಬರೀ ಕಡಲೆಕಾಯಿ ಹಿಂಡಿಯನ್ನು ನಂಬಿದರೆ ತೂಕದ ಲೆಕ್ಕ ಸರಿಹೋದರೂ ಮೊಟ್ಟೆಯ ಲೆಕ್ಕ ಸರಿಹೋಗುವುದಿಲ್ಲ. ಈ ಕೊರತೆಯನ್ನು ಒಣಮೀನು ಚೆನ್ನಾಗಿ ತುಂಬುತ್ತದೆ. ಕರಾವಳಿಯ ಸಂತೆಗಳಲ್ಲಿ ಮನುಷ್ಯರ ಬಳಕೆಗೆ ಆಗದ ಸಣ್ಣ ಒಣಮೀನು ಅಗ್ಗವಾಗಿ ಸಿಗುತ್ತದೆ. ಕೊಳ್ಳುವಾಗ ಉಪ್ಪು ಹಾಕದೆ ಒಣಗಿಸಿದ್ದೇ ಎಂದು ನಾಲಗೆಗೆ ತಾಗಿಸಿ ನೋಡುವುದು ಮೇಲು, ಏಕೆಂದರೆ ಉಪ್ಪು ಹೆಚ್ಚಾದರೆ ಕೋಳಿಗೆ ಅದೇ ವಿಷ. ಒಳನಾಡಿನಲ್ಲಿ, ಮೀನು ಸಿಗದ ಕಡೆ, ಹುರಿದು ಅಥವಾ ಬೇಯಿಸಿ ಎಣ್ಣೆ ತೆಗೆದ ಸೋಯಾ ಹಿಂಡಿ ಬಳಸಬಹುದು. ಹಸಿ ಸೋಯಾ ಕಾಳನ್ನು ಎಂದೂ ಹಾಕಬಾರದು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ, ಬಿಸಿ ತಾಗಿದಾಗ ಮಾತ್ರ ಅದು ಹೋಗುತ್ತದೆ.

ರಾಮನಗರ, ಶಿಡ್ಲಘಟ್ಟದ ಸುತ್ತಮುತ್ತ ಇರುವವರಿಗೆ ಇನ್ನೊಂದು ಅನುಕೂಲವಿದೆ. ರೇಷ್ಮೆ ನೂಲು ಬಿಚ್ಚಾಣಿಕೆಯ ನಂತರ ಗೂಡಿನೊಳಗೆ ಉಳಿಯುವ ಪ್ಯೂಪಾ ಒಣಗಿಸಿದಾಗ ಅರ್ಧದಷ್ಟು ಪ್ರೋಟೀನೇ ಆಗಿರುತ್ತದೆ, ಮತ್ತು ಅದರ ಗುಣಮಟ್ಟ ಮೀನಿಗೆ ಹೆಚ್ಚು ಕಡಿಮೆಯೇನಲ್ಲ. ತೊಂದರೆ ಇರುವುದು ಅದರ ಎಣ್ಣೆಯಲ್ಲಿ: ಒಣಪ್ಯೂಪಾದ ಕಾಲು ಭಾಗ ಕೊಬ್ಬು, ಅದು ಬೇಗ ಮುಗ್ಗುತ್ತದೆ, ಹೆಚ್ಚು ಹಾಕಿದರೆ ಮೊಟ್ಟೆಗೂ ಅದರ ವಾಸನೆ ಹತ್ತುತ್ತದೆ. ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿ ಮಾಡಿ, ಒಟ್ಟು ಮೇವಿನ ನೂರರಲ್ಲಿ ಐದಾರು ಪಾಲು ಮೀರದಂತೆ ಬೆರೆಸಿದರೆ ಈ ತೊಂದರೆ ಬರುವುದಿಲ್ಲ.

ಖರ್ಚೇ ಇಲ್ಲದ ದಾರಿ ಗೆದ್ದಲು. ಹಳೆಯ ಮಡಕೆಯೊಂದಕ್ಕೆ ಒಣ ಸಗಣಿ, ತುಂಡರಿಸಿದ ಹುಲ್ಲು, ಹರಿದ ಗೋಣಿಯ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲಿನ ಸುಳಿವಿರುವ ಜಾಗದಲ್ಲಿ ಸಂಜೆ ಬೋರಲು ಹಾಕಿಟ್ಟರೆ, ಬೆಳಗಾಗುವಷ್ಟರಲ್ಲಿ ಒಳಗೆ ಗೆದ್ದಲು ಹತ್ತಿರುತ್ತದೆ. ಬಿಸಿಲೇರುವ ಮೊದಲು ಅದನ್ನು ಕೋಳಿಗಳ ಮುಂದೆ ಸುರಿಯಬೇಕು. ಇದು ಹತ್ತು ಕೋಳಿಯ ಪೂರ್ತಿ ಅಗತ್ಯವನ್ನು ತೀರಿಸುವುದಿಲ್ಲ, ಆದರೆ ಮರಿಗಳಿರುವ ಮನೆಯಲ್ಲಿ ಇದರಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ.

ಇತ್ತೀಚೆಗೆ ನೀರಿನ ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲ ಎಂಬ ಪುಟ್ಟ ತೇಲುಗಿಡದ ಬಗ್ಗೆ ಸ್ವಲ್ಪ ಅತಿಯಾಗಿಯೇ ಪ್ರಚಾರ ನಡೆದಿದೆ. ಅದರಲ್ಲಿ 20ರಿಂದ 25 ಶೇಕಡಾ ಪ್ರೋಟೀನ್ ಇದೆ ಎಂಬುದು ನಿಜವೇ, ಆದರೆ ಅದು ಒಣ ತೂಕದ ಲೆಕ್ಕ. ತೊಟ್ಟಿಯಿಂದ ಎತ್ತಿದ ಹಸಿ ಅಜೋಲ್ಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. 100 ಗ್ರಾಂ ಹಸಿ ಅಜೋಲ್ಲ ತಿಂದ ಕೋಳಿಗೆ ಸಿಗುವುದು ಒಂದೂವರೆ ಗ್ರಾಂ ಆಸುಪಾಸಿನ ಪ್ರೋಟೀನ್ ಮಾತ್ರ. ಹಸಿರು ಮೇವಾಗಿ ಅದು ಒಳ್ಳೆಯದು, ಹಿಂಡಿಗೆ ಬದಲಿಯಾಗಿ ಅಲ್ಲ.

ಹತ್ತಿಕಾಳಿನ ಹಿಂಡಿ ದನಗಳಿಗೆಂದು ಮನೆಯಲ್ಲಿದ್ದರೂ ಕೋಳಿಗೆ ಬೇಡ. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶದಿಂದ, ಇಟ್ಟ ಮೊಟ್ಟೆಯ ಹಳದಿ ಭಾಗ ಕೆಲವು ದಿನಗಳಲ್ಲಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಹರಳಿನ ಹಿಂಡಿ, ಹೊಂಗೆ ಹಿಂಡಿ ಗೊಬ್ಬರಕ್ಕೆ ತಂದವು. ಅವುಗಳ ಚೀಲ ಕೋಳಿಯ ಕೊಕ್ಕಿಗೆ ಎಟುಕುವಲ್ಲಿ ಇರಲೇಬಾರದು.

ಮನೆಯಲ್ಲೇ ಬೆರೆಸುವ ಮೇವು

ಅಂಗಡಿಯಲ್ಲಿ ಸಿಗುವ ಲೇಯರ್ ಮೇವಿನಲ್ಲಿ, ಅಂದರೆ ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಮೇವಿನಲ್ಲಿ, 16ರಿಂದ 18 ಶೇಕಡಾ ಪ್ರೋಟೀನ್, 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ಹೆಚ್ಚು ಮೊಟ್ಟೆ ಇಡುವ ತಳಿಯ ಹೇಂಟೆಗಳಷ್ಟೇ ಇರುವ ಮನೆಗೆ ಅದು ಸರಳ ಉಪಾಯ. ಆದರೆ ಹಿತ್ತಲೆಂದರೆ ಹೇಂಟೆಯ ಜೊತೆಗೆ ಹುಂಜ, ಬೆಳೆಯುವ ಪಡ್ಡೆಗಳು, ತಾಯಿಯ ಹಿಂದೆ ಓಡಾಡುವ ಮರಿಗಳು ಎಲ್ಲವೂ ಒಂದೇ ಕಡೆ ತಿನ್ನುವ ಜಾಗ. ಮೊಟ್ಟೆಗೆ ಬರದ ಪಡ್ಡೆ ಮತ್ತು ಮರಿಗಳಿಗೆ ಒಂದು ಶೇಕಡಾ ಕ್ಯಾಲ್ಸಿಯಂ ಸಾಕು. ತಿಂಗಳುಗಟ್ಟಲೆ ಲೇಯರ್ ಮೇವು ತಿಂದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ಆದ್ದರಿಂದ ಸುಣ್ಣದಂಶವನ್ನು ಮೇವಿನೊಳಗೆ ಬೆರೆಸದೆ, ಬೇರೆ ಬಟ್ಟಲಿನಲ್ಲಿ ಇಡುವುದೇ ಹಿತ್ತಲಿಗೆ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಬೇಕಾದ ಹೇಂಟೆ ತಾನೇ ಹುಡುಕಿಕೊಂಡು ಹೋಗಿ ತಿನ್ನುತ್ತದೆ, ಬೇಡದವು ಅದರ ಗೊಡವೆಗೆ ಹೆಚ್ಚು ಹೋಗುವುದಿಲ್ಲ.

ಹತ್ತು ಕಿಲೋ ಮೇವಿಗೆ ಹೀಗೆ ಬೆರೆಸಬಹುದು: ಮುಸುಕಿನ ಜೋಳದ ನುಚ್ಚು 5 ಕಿಲೋ, ರಾಗಿ ಅಥವಾ ಅಕ್ಕಿ ನುಚ್ಚು 1 ಕಿಲೋ, ಅಕ್ಕಿ ತೌಡು 1 ಕಿಲೋ 200 ಗ್ರಾಂ, ಕಡಲೆಕಾಯಿ ಹಿಂಡಿ 1 ಕಿಲೋ 800 ಗ್ರಾಂ, ಉಪ್ಪಿಲ್ಲದ ಒಣಮೀನಿನ ಪುಡಿ 800 ಗ್ರಾಂ, ಕೋಳಿಗಳಿಗೆಂದೇ ಮಾರುವ ಖನಿಜ ಮತ್ತು ವಿಟಮಿನ್ ಮಿಶ್ರಣ 170 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಪ್ರೋಟೀನ್ ಹದಿನೇಳೂವರೆ ಶೇಕಡಾ ಹತ್ತಿರ ಬರುತ್ತದೆ. ಉಪ್ಪು ಮತ್ತು ಖನಿಜ ಮಿಶ್ರಣ ಅಲ್ಪ ಪ್ರಮಾಣದವಾದ್ದರಿಂದ ಅವನ್ನು ನೇರವಾಗಿ ರಾಶಿಗೆ ಸುರಿಯಬಾರದು; ಮೊದಲು ಒಂದು ಕಿಲೋ ತೌಡಿನಲ್ಲಿ ಚೆನ್ನಾಗಿ ಕಲಸಿ, ಆ ತೌಡನ್ನು ಉಳಿದದ್ದರಲ್ಲಿ ಬೆರೆಸಬೇಕು. ಹಾಗೆ ಮಾಡದಿದ್ದರೆ ಒಂದು ಕೋಳಿಗೆ ಉಪ್ಪೇ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ. ಮೀನಿನಲ್ಲಿ ಉಪ್ಪಿರುವ ಸಂಶಯವಿದ್ದರೆ ಉಪ್ಪನ್ನು ಪೂರ್ತಿ ಬಿಡುವುದು ಸುರಕ್ಷಿತ.

ಬೇಸಿಗೆಯಲ್ಲಿ ನಾಟಿ ಹೇಂಟೆಗೆ ಈ ಮೇವು ದಿನಕ್ಕೆ 70ರಿಂದ 80 ಗ್ರಾಂ, ಸ್ವರ್ಣಧಾರದಂಥ ದೊಡ್ಡ ಹೇಂಟೆಗೆ 110ರಿಂದ 120 ಗ್ರಾಂ ಬೇಕಾಗುತ್ತದೆ. ಮಳೆಗಾಲದಲ್ಲಿ ಬಿಟ್ಟು ಮೇಯಿಸುವವರು ಅರ್ಧಕ್ಕೆ ಇಳಿಸಬಹುದು. ಬೆಳಿಗ್ಗೆ ಹೊರಗೆ ಬಿಡುವಾಗ ಸ್ವಲ್ಪವೇ ಹಾಕಿ, ಸಂಜೆ ಗೂಡಿಗೆ ಬರುವ ಹೊತ್ತಿಗೆ ಹೆಚ್ಚು ಹಾಕುವುದು ಒಳ್ಳೆಯ ರೂಢಿ. ಬೆಳಿಗ್ಗೆಯೇ ಹೊಟ್ಟೆ ತುಂಬಿದ ಕೋಳಿ ಹುಳು ಕೆದಕಲು ಹೋಗದೆ ನೆರಳಿನಲ್ಲಿ ಮಲಗುತ್ತದೆ.

ಬೆರೆಸುವ ಪದಾರ್ಥಗಳ ಸ್ಥಿತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮುಸುಕಿನ ಜೋಳ ಮತ್ತು ಕಡಲೆಕಾಯಿ ಹಿಂಡಿಗೆ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಅದರಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ. ಮೊದಲ ಲಕ್ಷಣವಾಗಿ ಕಾಣುವುದು ಮೊಟ್ಟೆ ಇಳಿಯುವುದೇ. ಬೂಷ್ಟನ್ನು ಕೊಡವಿ, ತೊಳೆದು, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಂಥದ್ದನ್ನು ತಿಪ್ಪೆಗೂ ಹಾಕದೆ ಹೂತುಬಿಡಬೇಕು, ತಿಪ್ಪೆಗೆ ಹಾಕಿದ್ದನ್ನು ಕೋಳಿ ಮತ್ತೆ ಕೆದಕಿ ತಿನ್ನುತ್ತದೆ. ಜೋಳದ ಕಾಳನ್ನು ಹಲ್ಲಿನಲ್ಲಿ ಕಡಿದಾಗ ಟಕ್ ಎಂದು ಒಡೆದರೆ ಒಣಗಿದೆ. ಹಲ್ಲು ಇಳಿದು ಮೆತ್ತಗಾದರೆ ಇನ್ನೂ ಬಿಸಿಲು ಬೇಕು. ಮಲೆನಾಡಿನವರು ಮಳೆಗಾಲಕ್ಕೆಂದು ಹಿಂಡಿಯನ್ನು ಒಟ್ಟಿಗೆ ತಂದು ಪೇರಿಸುವ ಬದಲು ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತರುವುದು ಕ್ಷೇಮ. ಎಣ್ಣೆ ತೆಗೆಯದ ತೌಡಂತೂ ವಾರ ಎರಡು ವಾರದಲ್ಲೇ ಕಮಟು ವಾಸನೆ ಬರುತ್ತದೆ. ಮೇವಿನ ಚೀಲಗಳನ್ನು ಗೋಡೆಗೆ ಒರಗಿಸದೆ, ನೆಲಕ್ಕೆ ತಾಗಿಸದೆ, ಹಲಗೆಯ ಮೇಲಿಡಬೇಕು.

ಚಿಪ್ಪಿನ ಲೆಕ್ಕ

ಮೊಟ್ಟೆಯ ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪಿನಲ್ಲಿ ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟೇ ಮೈಗೆ ಸೇರುವುದರಿಂದ, ಮೊಟ್ಟೆ ಕಟ್ಟುವ ದಿನ ಹೇಂಟೆಗೆ ಸುಮಾರು ನಾಲ್ಕು ಗ್ರಾಂ ಬೇಕು. ರಾಗಿಯಲ್ಲಿ ಸುಣ್ಣದಂಶ ಹೆಚ್ಚು, ಅದನ್ನು ತಿಂದರೆ ಚಿಪ್ಪು ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಉಳಿದ ಧಾನ್ಯಗಳಿಗೆ ಹೋಲಿಸಿದರೆ ರಾಗಿಯಲ್ಲಿ ಹೆಚ್ಚಿರುವುದು ಹೌದು, 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು. ಆದರೆ ನಾಲ್ಕು ಗ್ರಾಂ ಪಡೆಯಬೇಕಾದರೆ ಕೋಳಿ ಒಂದು ಕಿಲೋಗಿಂತ ಹೆಚ್ಚು ರಾಗಿ ತಿನ್ನಬೇಕಾಗುತ್ತದೆ. ಯಾವ ಧಾನ್ಯವೂ ಈ ಕೆಲಸ ಮಾಡಲಾರದು. ಮೇವಿನಲ್ಲಿ ಸಿಗದಿದ್ದಾಗ ಹೇಂಟೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ಚಿಪ್ಪು ಕಟ್ಟುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ತೊಗಲು ಮೊಟ್ಟೆ ಬೀಳುತ್ತದೆ, ಕೊನೆಗೆ ಮೊಟ್ಟೆ ನಿಲ್ಲುತ್ತದೆ ಅಥವಾ ಹೇಂಟೆ ಕಾಲು ಬಿದ್ದು ಕೂರುತ್ತದೆ.

ಕೋಳಿ ಮೇವಿನ ಅಂಗಡಿಗಳಲ್ಲಿ ಶೆಲ್ ಗ್ರಿಟ್ ಎಂದು ಮಾರುವ ಸಮುದ್ರದ ಚಿಪ್ಪಿನ ನುಚ್ಚು ಇದಕ್ಕೆ ಉತ್ತಮ. ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿಕೊಳ್ಳಬಹುದು. ಬಯಲುಸೀಮೆಯಲ್ಲಿ ಸುಣ್ಣದ ಕಲ್ಲಿನ ನುಚ್ಚು ಸಿಗುತ್ತದೆ. ಇವುಗಳಲ್ಲಿ 38 ಶೇಕಡಾ ಹತ್ತಿರ ಕ್ಯಾಲ್ಸಿಯಂ ಇರುವುದರಿಂದ ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ ಹತ್ತು ಗ್ರಾಂ ಲೆಕ್ಕ ಹಿಡಿದರೆ ಸಾಕು. ನುಣ್ಣಗೆ ಪುಡಿ ಮಾಡಬಾರದು. ರಾಗಿಕಾಳಿಗಿಂತ ದಪ್ಪ, ಎರಡರಿಂದ ನಾಲ್ಕು ಮಿಲಿಮೀಟರ್ ಗಾತ್ರದ ಚೂರುಗಳಿರಬೇಕು. ಕಾರಣವಿಷ್ಟೆ: ಮೊಟ್ಟೆಯ ಮೇಲೆ ಚಿಪ್ಪು ಕಟ್ಟುವ ಕೆಲಸ ಸುಮಾರು ಇಪ್ಪತ್ತು ಗಂಟೆ ನಡೆಯುತ್ತದೆ, ಅದರ ಮುಖ್ಯ ಭಾಗ ನಡೆಯುವುದು ರಾತ್ರಿ, ಕೋಳಿ ಏನನ್ನೂ ತಿನ್ನದ ಹೊತ್ತಿನಲ್ಲಿ. ಪುಡಿಯಾದರೆ ಬೇಗ ಕರಗಿ ಹೊರಹೋಗುತ್ತದೆ. ದಪ್ಪ ಚೂರು ಹೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಇದೇ ಕಾರಣಕ್ಕೆ ಸುಣ್ಣದ ಬಟ್ಟಲು ಮಧ್ಯಾಹ್ನದ ನಂತರ ತುಂಬಿರುವಂತೆ ನೋಡಿಕೊಳ್ಳಬೇಕು.

ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಕುಡಿಸುವ ಪದ್ಧತಿ ಕೆಲವೆಡೆ ಇದೆ. ಅದು ಬಾಯಿ, ಗಂಟಲು ಸುಡುವ ಪದಾರ್ಥ. ಅದರ ಅಗತ್ಯವೂ ಇಲ್ಲ. ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪನ್ನು ಧಾರಾಳವಾಗಿ ಬಳಸಬಹುದು, ಆದರೆ ಚೆನ್ನಾಗಿ ತೊಳೆದು, ಬಾಣಲೆಯಲ್ಲಿ ಹುರಿದು, ಚಿಪ್ಪಿನ ಗುರುತು ಸಿಗದಂತೆ ಪುಡಿಗುಟ್ಟಿ ಹಾಕಬೇಕು. ಅರ್ಧ ಚಿಪ್ಪನ್ನು ಹಾಗೇ ಎಸೆದರೆ, ಗೂಡಿನಲ್ಲಿ ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಹತ್ತುತ್ತದೆ, ಆ ಚಟ ಬಿಡಿಸುವುದು ಬಹಳ ಕಷ್ಟ.

ಸಣ್ಣ ಬೆಣಚುಕಲ್ಲು, ಗರಸು ಬೇರೆಯೇ ವಸ್ತು. ಅದು ಕರಗುವುದಿಲ್ಲ; ಹಲ್ಲಿಲ್ಲದ ಕೋಳಿಗೆ ಹೊಟ್ಟೆಯೊಳಗಿನ ಬೀಸುವ ಕಲ್ಲು ಅದೇ. ಬಯಲಲ್ಲಿ ಮೇಯುವ ಕೋಳಿ ತಾನೇ ಆಯ್ದುಕೊಳ್ಳುತ್ತದೆ, ತಾರಸಿಯ ಮೇಲೆ ಸಾಕುವವರು ಮಾತ್ರ ಒಂದು ಹಿಡಿ ಗರಸನ್ನು ಇಡಬೇಕು.

ನೀರು, ಹಸಿರು, ಬೆಳಕು

ಕೋಳಿ ತಿಂದ ಮೇವಿನ ಎರಡರಷ್ಟು ನೀರು ಕುಡಿಯುತ್ತದೆ, ಸಾಧಾರಣ ದಿನಗಳಲ್ಲಿ 200ರಿಂದ 250 ಮಿಲಿಲೀಟರ್; ಕಡು ಬೇಸಿಗೆಯಲ್ಲಿ ಅದು ದುಪ್ಪಟ್ಟಾಗುತ್ತದೆ. ಮೇವು ಒಂದು ದಿನ ತಪ್ಪಿದರೆ ಹೇಂಟೆ ತಡೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಂದು ಹಗಲು ನೀರು ತಪ್ಪಿದರೆ ಹಲವು ದಿನ ಮೊಟ್ಟೆ ನಿಲ್ಲುತ್ತದೆ. ಬಿಸಿಲಿಗೆ ಕಾದ ನೀರನ್ನು ಕೋಳಿ ಕುಡಿಯುವುದಿಲ್ಲ. ಮಣ್ಣಿನ ಪಾತ್ರೆಯನ್ನು ನೆರಳಿನಲ್ಲಿಟ್ಟು, ಮಧ್ಯಾಹ್ನ ಒಮ್ಮೆ ನೀರು ಬದಲಿಸಬೇಕು. ಬಿಸಿಲಿನಲ್ಲಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದರಿಂದ, ಸುಣ್ಣ ಸಾಕಷ್ಟು ತಿಂದ ಹೇಂಟೆಯೂ ಏಪ್ರಿಲ್ ಮೇ ತಿಂಗಳಲ್ಲಿ ತೆಳು ಚಿಪ್ಪಿನ ಮೊಟ್ಟೆ ಇಡಬಹುದು. ಆಗ ಮಾಡಬೇಕಾದದ್ದು ಇನ್ನಷ್ಟು ಸುಣ್ಣ ಹಾಕುವುದಲ್ಲ, ನೆರಳು ಮತ್ತು ತಣ್ಣನೆ ನೀರು ಒದಗಿಸಿ, ಮೇವನ್ನು ಬೆಳಗಿನ ಜಾವ ಮತ್ತು ಸಂಜೆಗೆ ಬದಲಿಸುವುದು.

ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಕುದುರೆ ಮೆಂತೆ, ಅಜೋಲ್ಲ, ಯಾವುದಾದರೂ ಹಸಿರು ದಿನಕ್ಕೊಂದು ಹಿಡಿ ಇರಲಿ. ಕಟ್ಟಾಗಿ ಕಟ್ಟಿ ಎತ್ತರದಲ್ಲಿ ತೂಗುಹಾಕಿದರೆ ತುಳಿದು ಕೆಡಿಸುವುದಿಲ್ಲ. ಮೊಟ್ಟೆಯ ಹಳದಿ ಗಾಢವಾಗುವುದು ಹಸಿರು ಸೊಪ್ಪಿನಿಂದ ಮತ್ತು ಹಳದಿ ಮುಸುಕಿನ ಜೋಳದಿಂದ. ಬಣ್ಣ ಗಾಢವಾದಷ್ಟಕ್ಕೆ ಪ್ರೋಟೀನ್ ಹೆಚ್ಚಾಗುವುದಿಲ್ಲ. ಚಿಪ್ಪಿನ ಬಣ್ಣಕ್ಕಂತೂ ಮೇವಿಗೂ ಸಂಬಂಧವೇ ಇಲ್ಲ, ಅದು ತಳಿಯದು.

ಬೆಳಕಿನ ವಿಷಯ ಮೇವಿಗೆ ಹೊರಗಿನದಾದರೂ ಹೇಳದೆ ಬಿಡುವಂತಿಲ್ಲ. ಮೊಟ್ಟೆ ಚೆನ್ನಾಗಿ ಬರಲು 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂವರೆ ಗಂಟೆಗೂ ಸ್ವಲ್ಪ ಕಡಿಮೆ. ಆ ತಿಂಗಳುಗಳ ಇಳಿಕೆಗೆ ಮೇವನ್ನು ದೂರುವುದು ತಪ್ಪಾಗುತ್ತದೆ.

ಯಾವ ಹೇಂಟೆ ಇಡುತ್ತಿದೆ, ಯಾವುದು ಇಡುತ್ತಿಲ್ಲ

ಮೇವು ಹೆಚ್ಚಿಸುವ ಮೊದಲು ಇದನ್ನು ನೋಡಬೇಕು. ಹೇಂಟೆಯನ್ನು ಎಡಗಂಕುಳಲ್ಲಿ ತಲೆ ಹಿಂದಕ್ಕಿರುವಂತೆ ಹಿಡಿದು, ಬಲಗೈಯ ಬೆರಳುಗಳಿಂದ ಮೊಟ್ಟೆ ಬರುವ ದ್ವಾರದ ಇಕ್ಕೆಲದ ಎರಡು ಚೂಪು ಮೂಳೆಗಳ ತುದಿಯನ್ನು ಹುಡುಕಬೇಕು. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗವಿದ್ದು, ದ್ವಾರ ಅಗಲವಾಗಿ ಒದ್ದೆಯಾಗಿದ್ದರೆ ಅದು ಮೊಟ್ಟೆ ಇಡುತ್ತಿದೆ. ಒಂದೇ ಬೆರಳಿನ ಅಂತರವಿದ್ದು, ದ್ವಾರ ಒಣಗಿ ಸುಕ್ಕುಗಟ್ಟಿದ್ದರೆ ಇಡುತ್ತಿಲ್ಲ. ಜುಟ್ಟು ಕೆಂಪಾಗಿ ತುಂಬಿಕೊಂಡಿರುವುದು, ಬಿಳಿಚಿ ಕುಗ್ಗಿರುವುದು ಸಹ ಇದನ್ನೇ ಹೇಳುತ್ತದೆ. ಹಾಗೆಯೇ ಎದೆಯ ನಡುಮೂಳೆಯ ಮೇಲೆ ಬೆರಳಾಡಿಸಿ ನೋಡಬೇಕು. ಮೂಳೆ ಚೂಪಾಗಿ ಕೈಗೆ ಹತ್ತಿದರೆ ಹೇಂಟೆ ಬಡವಾಗಿದೆ, ಮೇವು ಸಾಲದು ಅಥವಾ ಹೊಟ್ಟೆಯಲ್ಲಿ ಜಂತುಹುಳು ಇದೆ. ಮೂಳೆಯೇ ಸಿಗದಷ್ಟು ಮೈ ತುಂಬಿ ಹೊಟ್ಟೆಯ ಕೆಳಗೆ ಗಟ್ಟಿ ಕೊಬ್ಬಿದ್ದರೆ ಅದು ಕಾಳು ತಿಂದು ಕೊಬ್ಬಿದ ಹೇಂಟೆ. ಅದಕ್ಕೆ ಜೋಳ ಕಡಿಮೆ ಮಾಡಿ, ಹಿಂಡಿ ಮತ್ತು ಸೊಪ್ಪು ಕೊಟ್ಟು, ಓಡಾಡಲು ಬಿಡಬೇಕು.

ಪುಕ್ಕ ಉದುರಿಸುವ ಎರಡು ಮೂರು ತಿಂಗಳು ಹೇಂಟೆ ಮೊಟ್ಟೆ ನಿಲ್ಲಿಸುವುದು ಸಹಜ. ಪುಕ್ಕವೆಂದರೆ ಪ್ರೋಟೀನೇ, ಆದ್ದರಿಂದ ಮೊಟ್ಟೆ ಇಡುತ್ತಿಲ್ಲವೆಂದು ಆಗ ಹಿಂಡಿ ನಿಲ್ಲಿಸಿದರೆ ಹೊಸ ಪುಕ್ಕ ಬರುವುದೂ ತಡ, ಮತ್ತೆ ಮೊಟ್ಟೆಗೆ ಬರುವುದೂ ತಡ. ಕಾವಿಗೆ ಕೂತ ಹೇಂಟೆ 21 ದಿನ ಅತಿ ಕಡಿಮೆ ತಿನ್ನುತ್ತದೆ. ದಿನಕ್ಕೊಮ್ಮೆ ಏಳುವಾಗ ಹತ್ತಿರದಲ್ಲೇ ಇಡೀ ಕಾಳು ಮತ್ತು ನೀರು ಸಿಗುವಂತಿರಬೇಕು. ಮರಿ ಬೇಡದಿದ್ದಾಗ ಕಾವು ಬಿಡಿಸಲು ನೀರಿಗೆ ಅದ್ದುವುದು, ಮೂಗಿಗೆ ಪುಕ್ಕ ತೂರಿಸುವುದು ಹಳ್ಳಿಗಳಲ್ಲಿ ಉಂಟು. ಇದು ಹಿಂಸೆ ಮಾತ್ರ. ಕೆಳಗಿನಿಂದ ಗಾಳಿಯಾಡುವ ತಂತಿಬಲೆಯ ಪಂಜರದಲ್ಲಿ ನಾಲ್ಕು ದಿನ ಮೇವು ನೀರು ಕೊಟ್ಟು ಬೇರೆ ಇಟ್ಟರೆ ಕಾವು ಇಳಿಯುತ್ತದೆ. ಮರಿ ಮಾಡಿದ ಹೇಂಟೆಯಿಂದ ಆರು ಎಂಟು ವಾರಕ್ಕೆ ಮರಿಗಳನ್ನು ಬೇರ್ಪಡಿಸಿ, ತಾಯಿಗೆ ಹಿಂಡಿಯ ಮೇವು ಹೆಚ್ಚಿಸಿದರೆ ಮುಂದಿನ ಸರದಿ ಬೇಗ ಶುರುವಾಗುತ್ತದೆ. ನಾಟಿ ಕೋಳಿಯಿಂದ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಹೆಚ್ಚು ಪಡೆಯಲು ನಿಜವಾದ ಅವಕಾಶ ಇರುವುದು ಇಲ್ಲಿಯೇ.

ಗುಂಪಿನ ಎಲ್ಲ ಹೇಂಟೆಗಳೂ ಒಟ್ಟಿಗೆ, ಒಂದೆರಡು ದಿನಗಳಲ್ಲಿ ಮೊಟ್ಟೆ ನಿಲ್ಲಿಸಿದರೆ ನೀರು ತಪ್ಪಿದೆಯೇ ಎಂದು ಮೊದಲು ನೋಡಿ, ಅದಿಲ್ಲದಿದ್ದರೆ ರೋಗವೆಂದು ಭಾವಿಸಬೇಕು. ಕೊಕ್ಕರೆ ರೋಗದ ಆರಂಭ ಹೀಗಿರುವುದುಂಟು. ಹಸಿರು ಭೇದಿ, ಕತ್ತು ತಿರುಚುವುದು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಜಂತುಹುಳುವಿನ ಔಷಧವನ್ನೂ ಅವರನ್ನೇ ಕೇಳಿ ಹಾಕುವುದು ಸರಿ, ಔಷಧ ಕೊಟ್ಟ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಕೇಳಿಕೊಳ್ಳಬೇಕು.

ಮೇವು ಬದಲಿಸಿದ ಫಲ ಎಷ್ಟು ದಿನಕ್ಕೆ ಕಾಣುತ್ತದೆ ಎಂಬುದು ಬದಲಿಸಿದ್ದು ಏನು ಎಂಬುದರ ಮೇಲಿದೆ. ಸುಣ್ಣ ಸಿಗತೊಡಗಿದ ಮೂರು ನಾಲ್ಕು ದಿನಗಳಲ್ಲಿ ಚಿಪ್ಪು ಸುಧಾರಿಸುತ್ತದೆ. ಹಿಂಡಿ ಅಥವಾ ಮೀನಿನ ಫಲ ನಿಧಾನ. ಮೊಟ್ಟೆಯ ಹಳದಿ ಭಾಗ ಅಂಡಾಶಯದಲ್ಲಿ ದಪ್ಪವಾಗಲು ಹತ್ತು ದಿನದಷ್ಟು ಹಿಡಿಯುವುದರಿಂದ, ನಿಂತುಹೋದ ಹೇಂಟೆ ಮತ್ತೆ ಮೊಟ್ಟೆಗೆ ಬರಲು ಎರಡು ಮೂರು ವಾರ ಬೇಕು. ಅಷ್ಟರೊಳಗೆ ಮೇವನ್ನು ಮತ್ತೆ ಮತ್ತೆ ಬದಲಿಸಿದರೆ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಹಳೆಯ ಮೇವಿನಲ್ಲಿ ಹೊಸದನ್ನು ಕಾಲು ಭಾಗ, ಅರ್ಧ ಭಾಗ ಎಂದು ಬೆರೆಸುತ್ತ ಒಂದು ವಾರದಲ್ಲಿ ಪೂರ್ತಿ ಬದಲಿಸಿ, ಕನಿಷ್ಠ ಒಂದು ತಿಂಗಳ ಮೊಟ್ಟೆಯ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಮೇಲೆಯೇ ಆ ಮೇವು ಹೊಂದಿತೋ ಇಲ್ಲವೋ ಎಂದು ತೀರ್ಮಾನಿಸಬೇಕು.